ಬ್ಲಾಕ್ ಮಾಡಿದ್ರೆ ಕಾರಣ ಹೇಳಿ

ಮಾನ್ಯ ಸಂಪಾದಕರೇ,

ಮೊನ್ನೆ ರಾತ್ರಿ ಅಡಿಕೆ ಸುಲಿತಾ ಕೂತಿದ್ದಾಗ ಮಗ ಮೊಬೈಲ್ ತೋರ್ಸಿ ಈ ಪೇಜ್ ಓಪನ್ನೇ ಆಗ್ತಿಲ್ಲ ಅಪ್ಪಾ, ಬ್ಲಾಕ್ ಮಾಡಿದಾರಂತೆ ಅಂದ, ಯಾಕೆ ಅಂದ್ರೆ ಗೊತ್ತಿಲ್ಲ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ಸೆಕ್ಷನ್ 69ಎ ಕೆಳಗೆ ಸರ್ಕಾರ ಬ್ಲಾಕ್ ಮಾಡ್ಬಹುದು, 2009ರ ರೂಲ್ಸ್ ಪ್ರಕಾರ ಆ ದೂರು, ಕ್ರಮ ಎಲ್ಲಾ ಗುಟ್ಟಾಗೇ ಇರ್ಬೇಕು, ಇದ್ಯಾವ ನ್ಯಾಯ ಸ್ವಾಮಿ? ಅದೇ ಕಾಯ್ದೆಲಿ ಆನ್‌ಲೈನ್ ಬರಹಕ್ಕೆ ಶಿಕ್ಷೆ ಕೊಡ್ತಿದ್ದ 66ಎ ಅನ್ನೋದನ್ನ 2015ರಲ್ಲಿ ಸುಪ್ರೀಂ ಕೋರ್ಟ್ ಕಿತ್ತಾಕ್ತು ನಿಜ, ಆದ್ರೆ ಎಲ್ರೂ ಡೆಲ್ಲಿಗೆ ಹೋಗೋಕಾಗುತ್ತಾ.

ನಮ್ಮ ಕಾಗೋಡಲ್ಲಿ 1951ರಲ್ಲಿ ಗೇಣಿದಾರರು ಗೇಣಿ ಭತ್ತ ಅಳೆಯೋ ಕೊಳಗದ ಮೋಸ ತಡಿಯೋಕಾಗ್ದೆ ನೇಗಿಲು ಹಿಡ್ಕೊಂಡು ಗದ್ದೆಗಿಳಿದು ಅರೆಸ್ಟ್ ಆದ್ರು, ಸಮಾಜವಾದಿ ನಾಯಕ ಲೋಹಿಯಾನೂ ಬಂದು ಅರೆಸ್ಟ್ ಆದ್ರು. ನಾವೂ ಬ್ಲಾಕ್ ಆದ ಬರಹ ಪ್ರಿಂಟ್ ತೆಗ್ಸಿ ತಾಲೂಕು ಆಫೀಸ್ ಮುಂದೆ ಕೂತು ನಮ್ಮ ಹೆಸರು ಹೇಳೇ ಜೋರಾಗಿ ಓದಣ (ಬ್ಲಾಕ್ ತಪ್ಪಿಸೋ ವಿಪಿಎನ್ನಲ್ಲಿ ಕದ್ದು ಓದೋದು ಸತ್ಯಾಗ್ರಹ ಅಲ್ಲ ಬಿಡಿ). ಕೇಸ್ ಹಾಕ್ಲಿ. ಕೊಯ್ಲು ಮುಗೀಲಿ, ನಾನಂತೂ ರೆಡಿ.

– ಒಬ್ಬ ಓದುಗ, ಸಾಗರ