ಟರ್ಮಿನಲ್ ಗೋಡೆಗೆ ಜಮಖಾನ ತೂಗುವ ಮೊದಲು

ಸಂಪಾದಕರೇ,

ಹುಬ್ಬಳ್ಳಿ ಮತ್ತು ಬೆಳಗಾವಿ ವಿಮಾನ ನಿಲ್ದಾಣಗಳ ಹೊಸ ಟರ್ಮಿನಲ್‌ಗಳಿಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ನಮ್ಮ ಕಲೆ ಟರ್ಮಿನಲ್‌ನಲ್ಲಿ ಎಷ್ಟು ಚೆಂದ ಕಾಣುತ್ತದೆ ಎಂಬುದನ್ನು 2022ರಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಎರಡನೇ ಟರ್ಮಿನಲ್ ತೋರಿಸಿಕೊಟ್ಟಿದೆ. ಹುಬ್ಬಳ್ಳಿಯಲ್ಲೂ ನವಲಗುಂದದ ಜಮಖಾನ, ಧಾರವಾಡದ ಕಸೂತಿ, ಕಿನ್ನಾಳದ ಬೊಂಬೆ ಇರಲೇಬೇಕು. ಅವನ್ನು ಎಲ್ಲಿ ಇಡಬೇಕು, ಯಾರು ಹೇಗೆ ಒರೆಸಬೇಕು ಎಂಬುದು ಒಳಾಂಗಣದ ನಕ್ಷೆ ಅಂತಿಮವಾಗುವ ಮೊದಲೇ ತೀರ್ಮಾನವಾಗಬೇಕು.

ಮೊದಲನೆಯ ಶತ್ರು ಬೆಳಕು. ಬಣ್ಣದ ಬಟ್ಟೆಗೆ ವಸ್ತುಸಂಗ್ರಹಾಲಯಗಳು ಇಟ್ಟುಕೊಂಡಿರುವ ಮಿತಿ 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ಅದೂ ದಿನಕ್ಕೆ ಸುಮಾರು 8 ಗಂಟೆ. ರಾತ್ರಿಯಿಡೀ ದೀಪ ಉರಿಯುವ ಟರ್ಮಿನಲ್‌ನಲ್ಲಿ ಅದೇ ಬಟ್ಟೆ 200 ಲಕ್ಸ್ ಬೆಳಕಿನಲ್ಲಿ 24 ಗಂಟೆ ಇದ್ದರೆ ಅದರ ಮೇಲೆ 12 ಪಟ್ಟು ಬೆಳಕು ಬೀಳುತ್ತದೆ. ವಸ್ತುಸಂಗ್ರಹಾಲಯದಲ್ಲಿ ಒಂದು ವರ್ಷದಲ್ಲಿ ಮಾಸುವ ಬಣ್ಣ ಟರ್ಮಿನಲ್‌ನಲ್ಲಿ ಒಂದೇ ತಿಂಗಳಲ್ಲಿ ಮಾಸುತ್ತದೆ. ಗಾಜಿನ ಗೋಡೆಯಿಂದ ನೇರ ಬಿಸಿಲು ಬೀಳುವ ಜಾಗದ ಮಾತಂತೂ ಬೇಡ. ಮಾಸಿದ ಬಣ್ಣ ಮರಳುವುದಿಲ್ಲ. ಹಾಗಾಗಿ ಜಮಖಾನ, ಕಸೂತಿ, ತೊಗಲುಗೊಂಬೆಗಳಿಗೆ ಕಿಟಕಿಯಿಲ್ಲದ ಒಳಗೋಡೆ ಕೊಡಿ; ಎದುರು ಜನ ನಿಂತಾಗ ಮಾತ್ರ ಬೆಳಗುವ ಸೆನ್ಸರ್ ದೀಪ ಹಾಕಿ. ಒಂದು ಜಾಗಕ್ಕೆ ಮೂರು ಜಮಖಾನ ನೇಯಿಸಿ, ನಾಲ್ಕು ತಿಂಗಳಿಗೊಮ್ಮೆ ಬದಲಿಸಿ. ಇದರಿಂದ ನವಲಗುಂದದ ನೇಕಾರ ಮಹಿಳೆಯರಿಗೆ ಕೆಲಸವೂ ಹೆಚ್ಚು ಸಿಗುತ್ತದೆ.

ತೂಗುಹಾಕುವುದರಲ್ಲೂ ತಪ್ಪಾಗುತ್ತದೆ. ಜಮಖಾನ ಭಾರವಾದ ಹತ್ತಿಯ ನೇಯ್ಗೆ. ನಾಲ್ಕು ಮೊಳೆ ಹೊಡೆದರೆ ಇಡೀ ಭಾರ ನಾಲ್ಕೇ ಕಡೆ ಬಿದ್ದು, ಅಲ್ಲಿ ನೂಲು ಹರಿದು, ನಡುವೆ ಜೋತುಬೀಳುತ್ತದೆ. ಎರಡು ಇಂಚು ಅಗಲದ ಹತ್ತಿ ಪಟ್ಟಿಗೆ ವೆಲ್ಕ್ರೋ ಹೊಲಿದು, ಆ ಪಟ್ಟಿಯನ್ನು ಜಮಖಾನದ ಮೇಲಂಚಿನ ಉದ್ದಕ್ಕೂ ಕೈಹೊಲಿಗೆಯಲ್ಲಿ ಜೋಡಿಸಬೇಕು. ವೆಲ್ಕ್ರೋದ ಇನ್ನೊಂದು ಅರ್ಧವನ್ನು ಮರದ ರೀಪಿಗೆ ಬಡಿದು, ಹಿಂದೆ ಒಂದು ಇಂಚು ಗಾಳಿಯಾಡುವಂತೆ ರೀಪನ್ನು ಗೋಡೆಗೆ ಕೂರಿಸಬೇಕು. ದೂಳು ತೆಗೆಯುವಾಗ ಬ್ರಷ್‌ನಿಂದ ಉಜ್ಜದೆ, ಬಲೆ ಹಿಡಿದು ಅದರ ಮೇಲಿಂದ ಸಣ್ಣ ಸೆಳೆತದ ವ್ಯಾಕ್ಯೂಮ್ ಆಡಿಸಬೇಕು.

ಕಿನ್ನಾಳದ ಬೊಂಬೆಯ ಕಥೆ ಬೇರೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ಮರದ ಪುಡಿ ಮತ್ತು ಹುಣಸೆ ಬೀಜದ ಅಂಟು ಮೆತ್ತಿ, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಹಗಲು ಎಸಿ, ರಾತ್ರಿ ಬಂದ್ ಎಂದಾದರೆ ಮರ ಹಿಗ್ಗಿ ಕುಗ್ಗಿ ಬೆಸುಗೆಯ ಜಾಗದಲ್ಲಿ ಬಿರುಕು ಬಿಡುತ್ತದೆ. ಎಸಿಯ ಗಾಳಿ ನೇರ ಬಡಿಯುವಲ್ಲಿ ಅದನ್ನು ಇಡಲೇಬಾರದು. ಹುಣಸೆ ಅಂಟು ಹುಳುಗಳಿಗೆ ಆಹಾರ. ಮುಚ್ಚಿದ ಪೆಟ್ಟಿಗೆಯನ್ನೂ ತಿಂಗಳಿಗೊಮ್ಮೆ ತೆರೆದು ಬುಡದಲ್ಲಿ ಪುಡಿ ಉದುರಿದೆಯೇ ನೋಡಬೇಕು.

ಇನ್ನು ಸ್ವಚ್ಛತೆ. ಹೆಚ್ಚಿನ ಹಾನಿಯಾಗುವುದು ಇಲ್ಲೇ, ಅದೂ ಒಳ್ಳೆಯ ಉದ್ದೇಶದಿಂದಲೇ. ಬೆಳ್ಳಿ ಕೂರಿಸಿದ ಬಿದರಿ ಪಾತ್ರೆಯ ಕಪ್ಪು ಬಣ್ಣ ಬಳಿದದ್ದಲ್ಲ. ಸತುವಿಗೆ ತುಸು ತಾಮ್ರ ಸೇರಿಸಿದ ಲೋಹಕ್ಕೆ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ತಾಗಿ ಮೇಲ್ಮೈಯಷ್ಟೇ ಕಪ್ಪಾಗಿರುತ್ತದೆ. ಬೆಳ್ಳಿ ಮಂಕಾಯಿತೆಂದು ಯಾರಾದರೂ ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿದರೆ ಆ ಕಪ್ಪು ಎದ್ದುಹೋಗುತ್ತದೆ. ಮತ್ತೆ ಕಪ್ಪು ತರಿಸಲು ಬೀದರಿನ ಕುಶಲಕರ್ಮಿಯೇ ಬೇಕು. ಒಣ ಹತ್ತಿಬಟ್ಟೆ ಸಾಕು. ಚನ್ನಪಟ್ಟಣದ ಆಟಿಕೆಯ ಹೊಳಪು ಅರಗಿನದು. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಾಕಿ ಒರೆಸಿದರೆ ಬಣ್ಣ ಬಟ್ಟೆಗೇ ಬರುತ್ತದೆ. ಸ್ವಚ್ಛತಾ ಗುತ್ತಿಗೆ ಬದಲಾದಾಗ ಸಿಬ್ಬಂದಿಯೂ ಬದಲಾಗುತ್ತಾರೆ. ಆದ್ದರಿಂದ ಪ್ರತಿ ಕೃತಿಯ ಪೆಟ್ಟಿಗೆಯ ಹಿಂದೆ ಏನು ಹಾಕಬಹುದು, ಏನು ಹಾಕಬಾರದು ಎಂದು ಕನ್ನಡದಲ್ಲಿ ನಾಲ್ಕು ಸಾಲು ಅಂಟಿಸಬೇಕು.

ಮಾಡಿದವರನ್ನು ಕೇಳದೆ ಕೃತಿ ಮುಟ್ಟಬಾರದು ಎಂಬುದೂ ಒಪ್ಪಂದದಲ್ಲಿರಲಿ. ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ 1958ರಲ್ಲಿ ಮಾಡಿದ ಕಪ್ಪು-ಬಿಳಿ ತೂಗುಶಿಲ್ಪಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ಹಸಿರು ಮತ್ತು ಚಿನ್ನದ ಬಣ್ಣ ಬಳಿದುಬಿಟ್ಟಿದ್ದರು. ಕಲಾವಿದ ಬದುಕಿರುವವರೆಗೂ ಅದು ಸರಿಹೋಗಲಿಲ್ಲ.

ಕಲೆಗೆಂದು ಎತ್ತಿಟ್ಟ ಹಣದಲ್ಲಿ ಹತ್ತರಲ್ಲೊಂದು ಪಾಲು ಮೊದಲ ಐದು ವರ್ಷಗಳ ಆರೈಕೆಗೆ ಮೀಸಲಿರಲಿ. ವರ್ಷಕ್ಕೊಮ್ಮೆ ಕುಶಲಕರ್ಮಿಗಳನ್ನು ಕರೆಸಿ, ಪ್ರಯಾಣ ವೆಚ್ಚ ಮತ್ತು ದಿನಗೂಲಿ ಕೊಟ್ಟು ತಪಾಸಣೆ ಮಾಡಿಸಿ. ಫಲಕದಲ್ಲಿ 'ಕರ್ನಾಟಕದ ಕರಕುಶಲ' ಎಂದಷ್ಟೇ ಬರೆದರೆ ಸಾಲದು. ನೇಯ್ದವರ ಹೆಸರು, ಊರು, ಬಳಸಿದ ನೂಲು, ಹಿಡಿದ ದಿನಗಳು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಇರಬೇಕು.

– ಕಲಾಕೃತಿ ಸಂರಕ್ಷಕರು, ಧಾರವಾಡ