ಎಮ್ಮೆ ಎತ್ತುಗಳಿಗೂ ಜಾಗ ತೋರಿಸಿ ಊರು ಬಿಡಿಸಿರಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಘಟಪ್ರಭಾ ದಂಡೆಯ ನಮ್ಮ ಊರುಗಳಲ್ಲಿ ‘ನದಿಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು’ ಎಂದು ಡಂಗುರ ಸಾರಲಾಗುತ್ತದೆ. ಎಷ್ಟು ಹೇಳಿದರೂ ಜನ ಮನೆ ಬಿಡುವುದಿಲ್ಲ ಎಂಬ ದೂರು ಅದರ ಬೆನ್ನಿಗೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಹಾಗೆ ಮನೆ ಬಿಡದವರಲ್ಲಿ ನಾವೂ ಇದ್ದೆವು. ಹೊತ್ತು ಮುಳುಗಿದ ಮೇಲೆ ಬಂದ ವಾಹನದವರನ್ನು, ನಾಲ್ಕು ಎಮ್ಮೆ ಮತ್ತು ಒಂದು ಜೋಡಿ ಎತ್ತುಗಳನ್ನು ಎಲ್ಲಿಗೆ ಒಯ್ಯಬೇಕೆಂದು ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ತಾಯಿಯನ್ನೂ ಮಕ್ಕಳನ್ನೂ ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರಕ್ಕೆ ಕಳಿಸಿ, ನಾನು ಮತ್ತು ತಂದೆಯವರು ದನಗಳೊಂದಿಗೆ ಉಳಿದೆವು. ನಸುಕಿನಲ್ಲಿ ನೀರು ಅಂಗಳಕ್ಕೆ ನುಗ್ಗಿದಾಗ ಕಣ್ಣಿ ಬಿಚ್ಚಿ, ಎದೆಮಟ್ಟದ ನೀರಿನಲ್ಲಿ ಅವುಗಳನ್ನು ದಿನ್ನೆಗೆ ಹೊಡೆದುಕೊಂಡು ಹೋದೆವು. ಒಂದು ಕರು ಕೈಗೆ ಸಿಗಲಿಲ್ಲ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿತು. ನಗರ ತೆರವಿನ ಕಡ್ಡಾಯ ಆದೇಶ ಹೊರಟದ್ದು ಅದರ ಹಿಂದಿನ ದಿನವಷ್ಟೇ. ಸ್ವಂತ ವಾಹನವಿಲ್ಲದ ಸಾವಿರಾರು ಜನ ಅಲ್ಲೇ ಸಿಕ್ಕಿಬಿದ್ದರು. ಸಾಕಿದ ನಾಯಿ, ಬೆಕ್ಕುಗಳನ್ನು ಬಿಟ್ಟು ಬರಲೊಲ್ಲದೆ ಉಳಿದವರೂ ಅನೇಕರಿದ್ದರು. ಮರುವರ್ಷವೇ ಆ ದೇಶವು ತೆರವಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳೂ ಸೇರಬೇಕೆಂದು ಕಾನೂನು ಮಾಡಿತು. ಅಲ್ಲಿ ನಾಯಿ, ಬೆಕ್ಕಿನ ಮಾತು ಹಾಗಿದ್ದರೆ, ಹೈನದ ಮೇಲೆಯೇ ಸಂಸಾರ ನಡೆಸುವ ನಮ್ಮವರು ಎಮ್ಮೆಗಳನ್ನು ಕಟ್ಟಿದಲ್ಲೇ ಬಿಟ್ಟು ಹೊರಡುತ್ತಾರೆಂದು ಯಾವ ಲೆಕ್ಕದಲ್ಲಿ ನಂಬುವುದು? ಕಾಳಜಿ ಕೇಂದ್ರ ಸೇರಿದವರೂ ಹಾಲು ಹಿಂಡಲು, ಮೇವು ಹಾಕಲು ನೀರಿನಲ್ಲೇ ಊರಿಗೆ ಮರಳುವುದನ್ನು ನಾನು ಕಂಡಿದ್ದೇನೆ.

ಮುಂಚಿತ ಸಿದ್ಧತೆ ಏನು ಮಾಡಬಲ್ಲದೆಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನರನ್ನು ಕಳೆದುಕೊಂಡ ಆ ರಾಜ್ಯ, 2013ರಲ್ಲಿ ಫೈಲಿನ್ ಚಂಡಮಾರುತ ಬರುವ ಮುನ್ನವೇ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಿ ಸಾವುಗಳನ್ನು ಕೆಲವೇ ಹತ್ತುಗಳಿಗೆ ತಗ್ಗಿಸಿತು.

ಆದ್ದರಿಂದ ಜಿಲ್ಲಾಡಳಿತದಲ್ಲಿ ನನ್ನ ವಿನಂತಿ ಇಷ್ಟು. ಸೇತುವೆಯ ಬಳಿ ನೀರು ಯಾವ ಮಟ್ಟ ಮುಟ್ಟಿದಾಗ ಯಾವ ಓಣಿ ಖಾಲಿಯಾಗಬೇಕೆಂಬುದನ್ನು ಜೂನ್‌ಗಿಂತ ಮೊದಲೇ ಗ್ರಾಮಸಭೆಯಲ್ಲಿ ನಿಗದಿ ಮಾಡಿ ಗೋಡೆಯ ಮೇಲೆ ಬರೆಸಬೇಕು. ನಮ್ಮ ಮೇಲ್ಭಾಗದಲ್ಲಿ ಘಟಪ್ರಭೆಗೆ ಕಟ್ಟಿರುವ ಹಿಡಕಲ್ ಜಲಾಶಯದ ಹೊರಹರಿವೊಂದನ್ನೇ ನೋಡಿದರೆ ಸಾಲದು. ಅದರ ಕೆಳಗೆ ಬಂದು ಕೂಡುವ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ತೆರವಿನ ಸೂಚನೆ ಹಗಲಿನಲ್ಲೇ ಸಿಗಬೇಕು, ಏಕೆಂದರೆ ಬೆದರಿದ ದನವನ್ನು ಕತ್ತಲಲ್ಲಿ ಟ್ರೇಲರ್ ಹತ್ತಿಸುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಊರಿನ ಟ್ರ್ಯಾಕ್ಟರ್ ಮಾಲೀಕರೊಡನೆ ಬಾಡಿಗೆ ಮೊದಲೇ ಮಾತಾಡಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾಳಜಿ ಕೇಂದ್ರದ ಪಕ್ಕದಲ್ಲೇ ಎತ್ತರದ ಜಾಗದಲ್ಲಿ ದನ ಕಟ್ಟಲು ನೆರಳು, ಕುಡಿಯುವ ನೀರು ಮತ್ತು ಒಂದು ವಾರಕ್ಕಾಗುವಷ್ಟು ಕಣಿಕೆಯನ್ನು (ಜೋಳದ ಒಣ ದಂಟಿನ ಮೇವನ್ನು) ಸಿದ್ಧವಾಗಿಟ್ಟು, ಆ ಜಾಗದ ಹೆಸರನ್ನು ಡಂಗುರದಲ್ಲೇ ಸಾರಬೇಕು.

— ಒಬ್ಬ ರೈತ, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ