ಒಂಬತ್ತನೇ ತರಗತಿಯ ಪೋಷಕರಿಗೆ: ನಾವು ಜುನ್ನರ್‌ಗೆ ಯಾಕೆ ಹೋಗುತ್ತಿದ್ದೇವೆ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಈ ವರ್ಷದ ಶೈಕ್ಷಣಿಕ ಪ್ರವಾಸ ಮಹಾರಾಷ್ಟ್ರದ ಜುನ್ನರ್‌ಗೆ ಎಂದು ತಿಳಿಸಿದ ಮೇಲೆ ನಿಮ್ಮಲ್ಲಿ ಹಲವರು ಶಾಲೆಗೆ ಬಂದು ಕೇಳಿದಿರಿ, ಫೋನ್ ಮಾಡಿಯೂ ಕೇಳಿದಿರಿ. "ಮೇಡಂ, ಆ ಊರಲ್ಲಿ ಅಂಥಾದ್ದೇನಿದೆ?" "ಮಕ್ಕಳು ಗೋವಾ ಅಂತಿದ್ರು, ನೀವು ಗುಹೆ ಅಂತೀರಲ್ಲ?" ಕೇಳಿದ್ದು ಒಳ್ಳೆಯದೇ ಆಯಿತು. ಮಗುವನ್ನು ಮೂರು ದಿನ ನಮ್ಮ ಕೈಗೆ ಒಪ್ಪಿಸುವವರು ನೀವು. ಎಲ್ಲಿಗೆ, ಯಾಕೆ ಅನ್ನುವುದು ನಿಮಗೆ ಗೊತ್ತಿರಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲರಿಗೂ ಸೇರಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಜುನ್ನರ್ ಪುಣೆಯಿಂದ ಉತ್ತರಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿದೆ. ಕುಕಡಿ ನದಿಯ ಬಯಲಲ್ಲಿರುವ ಊರು, ಸುತ್ತಲೂ ಬೆಟ್ಟಗಳು. ಛತ್ರಪತಿ ಶಿವಾಜಿ ಮಹಾರಾಜರು 1630ರಲ್ಲಿ ಹುಟ್ಟಿದ ಶಿವನೇರಿ ಕೋಟೆ ಊರಿಗೆ ಅಂಟಿಕೊಂಡೇ ಇದೆ. ಹೆಚ್ಚಿನವರಿಗೆ ಈ ಊರು ಗೊತ್ತಿರುವುದು ಆ ಕೋಟೆಯಿಂದ. ಆದರೆ ಅದಕ್ಕೂ ಸುಮಾರು 1,600 ವರ್ಷ ಮೊದಲೇ ಇದು ದೊಡ್ಡ ಪೇಟೆಯಾಗಿತ್ತು. ಅದಕ್ಕೆ ಕಾರಣ ನಾಣೇಘಾಟ್.

ಕೊಂಕಣದ ತೀರದಿಂದ ದಖ್ಖನಿಗೆ ಬರಬೇಕು ಅಂದರೆ ಸಹ್ಯಾದ್ರಿ ಗೋಡೆಯ ಹಾಗೆ ಅಡ್ಡ ನಿಂತಿರುತ್ತದೆ. ಆ ಗೋಡೆಯಲ್ಲಿ ಎತ್ತು, ಕತ್ತೆ, ಆಳು ಹತ್ತಬಲ್ಲ ಸಂದುಗಳು ಇರುವುದು ಕೆಲವೇ ಕಡೆ. ಅಂಥ ಒಂದು ಸಂದು ನಾಣೇಘಾಟ್. ಸೋಪಾರಾ, ಕಲ್ಯಾಣ ಬಂದರುಗಳಲ್ಲಿ ಇಳಿದ ಸರಕು ಈ ಘಾಟಿ ಹತ್ತಿ ಜುನ್ನರ್‌ಗೆ ಬರುತ್ತಿತ್ತು. ಅಲ್ಲಿಂದ, ಆಗ ದಖ್ಖನನ್ನು ಆಳುತ್ತಿದ್ದ ಸಾತವಾಹನರ ರಾಜಧಾನಿ ಪೈಠಣಕ್ಕೆ, ಇನ್ನೂ ಒಳಗೆ ತೇರ್ ಊರಿಗೆ. ಒಳನಾಡಿನ ಹತ್ತಿಬಟ್ಟೆ, ಬಣ್ಣದ ಕಲ್ಲು ಸಮುದ್ರದ ಕಡೆಗೆ ಹೋಗುತ್ತಿದ್ದವು. ಹಡಗು ಮತ್ತು ಎತ್ತಿನ ನಡುವೆ ನಿಂತ ಬಾಗಿಲೂರು ಇದು.

ಘಾಟಿ ಹತ್ತಿ ಮೇಲೆ ಬಂದ ಕೂಡಲೇ ಒಂದು ದೊಡ್ಡ ಕಲ್ಲಿನ ಕೊಡ ಕಾಣುತ್ತದೆ. ಒಂದೇ ಬಂಡೆಯಲ್ಲಿ ಕಡೆದದ್ದು. ಸುಂಕದ ನಾಣ್ಯ ಹಾಕುತ್ತಿದ್ದದ್ದು ಇದರಲ್ಲೇ ಎಂದು ಅಲ್ಲಿನ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಅಲ್ಲೇ ಹತ್ತಿರದ ಗುಹೆಯ ಗೋಡೆ ತುಂಬ ಬ್ರಾಹ್ಮಿ ಲಿಪಿಯ ಶಾಸನ. ಸಾತವಾಹನ ದೊರೆ ಸಾತಕರ್ಣಿಯ ರಾಣಿ ನಾಗನಿಕಾಳ ಶಾಸನವದು. ಅಶ್ವಮೇಧ, ರಾಜಸೂಯ ಯಾಗಗಳ ಹೆಸರು, ದಾನ ಕೊಟ್ಟ ಹಸು, ಕುದುರೆ, ಆನೆ, ಕಾರ್ಷಾಪಣ ನಾಣ್ಯಗಳ ಲೆಕ್ಕ, ಎಲ್ಲ ಅಲ್ಲಿದೆ. ಲೆಕ್ಕ ಬರೆದಿರುವುದು ಅಂಕಿಗಳಲ್ಲಿ! ಇವತ್ತು ಪ್ರಪಂಚವೆಲ್ಲ ಬಳಸುವ ಅಂಕಿಗಳ ಬಹಳ ಹಳೆಯ ರೂಪಗಳಲ್ಲಿ ಕೆಲವನ್ನು ಅಲ್ಲಿ ನೋಡಬಹುದು. ನಮ್ಮ ಗಣಿತದ ಸರ್ ಈ ಒಂದು ಗೋಡೆಗಾಗಿಯೇ ಬರಲು ಒಪ್ಪಿದ್ದಾರೆ. ಅದೇ ಗುಹೆಯಲ್ಲಿ ರಾಜಮನೆತನದವರ ಸಾಲು ಪ್ರತಿಮೆಗಳಿದ್ದವು. ಈಗ ಮೇಲೆ ಹೆಸರುಗಳಿವೆ, ಕೆಳಗೆ ಪಾದಗಳ ಗುರುತು ಮಾತ್ರ ಉಳಿದಿದೆ. ಮೊದಲ ಹೆಸರು ಸಿಮುಕ ಸಾತವಾಹನನದು.

ಯಾಗ ಮಾಡಿಸಿದ ಮನೆತನ ಇದು, ನಿಜ. ಆದರೆ ಅವರ ಕಾಲದಲ್ಲೇ ಜುನ್ನರ್ ಸುತ್ತಲಿನ ಬೆಟ್ಟಗಳಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಗುಹೆಗಳನ್ನು ಕೊರೆದರು. ಕ್ರಿ.ಪೂ. ಒಂದನೇ ಶತಮಾನದ ಹೊತ್ತಿನಿಂದ ಕ್ರಿ.ಶ. ಮೂರನೇ ಶತಮಾನದವರೆಗೆ ಕೆಲಸ ನಡೆಯಿತು. ಲೇಣ್ಯಾದ್ರಿ, ಮಾನಮೋಡಿ, ಶಿವನೇರಿ, ತುಳಜಾ ಎಲ್ಲ ಸೇರಿ 200ರ ಆಸುಪಾಸು ಗುಹೆಗಳು. ಒಂದೇ ಊರಿನ ಸುತ್ತ ಇಷ್ಟು ಬೌದ್ಧ ಗುಹೆಗಳು ಸಿಗುವುದು ಬಹಳ ಅಪರೂಪ. ಬುದ್ಧನ ದೊಡ್ಡ ದೊಡ್ಡ ಮೂರ್ತಿ ಇಲ್ಲಿ ಹುಡುಕಬೇಡಿ. ಆ ಕಾಲದವರು ಪೂಜಿಸುತ್ತಿದ್ದದ್ದು ಸ್ತೂಪವನ್ನು, ಅಂದರೆ ಬುದ್ಧನ ನೆನಪಿನ ಗುಮ್ಮಟದಂಥ ದಿಬ್ಬವನ್ನು. ಅಜಂತಾದ ಚಿತ್ರ, ಎಲ್ಲೋರಾದ ಶಿಲ್ಪ ನೋಡಿ ಬಂದವರಿಗೆ ಇದು ಬೋಳು ಅನ್ನಿಸಬಹುದು.

ಹಾಗಾದರೆ ಇಷ್ಟು ದೂರ ಯಾಕೆ? ನನ್ನ ಉತ್ತರ ಒಂದೇ: ಈ ಗುಹೆಗಳನ್ನು ಮಾಡಿಸಿದವರ ಹೆಸರು ನೋಡುವುದಕ್ಕೆ.

ನಮ್ಮ ಮಕ್ಕಳು ಇತಿಹಾಸ ಅಂದರೆ ರಾಜರ ಪಟ್ಟಿ ಅಂದುಕೊಂಡಿದ್ದಾರೆ. ಪರೀಕ್ಷೆಯ ಪ್ರಶ್ನೆಗಳೂ ಹಾಗೇ ಇರುತ್ತವೆ, ಅವರದೇನೂ ತಪ್ಪಿಲ್ಲ. ಜುನ್ನರ್ ಶಾಸನಗಳಲ್ಲಿ ರಾಜರ ಕಡೆಯವರೂ ಇದ್ದಾರೆ. ಪಶ್ಚಿಮ ಭಾರತವನ್ನು ಆಳಿದ ಕ್ಷತ್ರಪ ದೊರೆ ನಹಪಾನನ ಮಂತ್ರಿ ಅಯಮ ಅಲ್ಲಿ ಒಂದು ನೀರಿನ ತೊಟ್ಟಿ, ಒಂದು ಮಂಟಪ ಮಾಡಿಸಿದ. ಆದರೆ ಜಾಸ್ತಿ ಕಾಣುವವರು ಬೇರೆಯವರೇ. ಕಾಳು ವ್ಯಾಪಾರಿಗಳ ಸಂಘದವರು ಸೇರಿ ಏಳು ಕೋಣೆಗಳ ಒಂದು ಗುಹೆ, ಒಂದು ತೊಟ್ಟಿ ಕೊಟ್ಟಿದ್ದಾರೆ. ಬಿದಿರು ಕೆಲಸದವರ ಸಂಘ, ಕಂಚುಗಾರರ ಸಂಘ ದಾನದ ಹಣವನ್ನು ಇಟ್ಟುಕೊಂಡು, ಅದರ ಬಡ್ಡಿಯನ್ನು ತಿಂಗಳು ತಿಂಗಳು ಕೊಡುವ ಜವಾಬ್ದಾರಿ ಹೊತ್ತಿದ್ದಾರೆ. ನಿಮ್ಮಲ್ಲಿ ಸ್ವಸಹಾಯ ಸಂಘ ನಡೆಸುವ ತಾಯಂದಿರು ಬಹಳ ಜನ ಇದ್ದೀರಿ. ಅಸಲು ಮುಟ್ಟದೆ ಬಡ್ಡಿಯಲ್ಲೇ ಒಂದು ಕೆಲಸ ನಡೆಸುವುದು ಎಂಥ ನಂಬಿಕೆಯ ವಿಷಯ ಅಂತ ನಿಮಗೆ ನಾನು ಹೇಳಬೇಕಿಲ್ಲ.

ನನಗೆ ತುಂಬ ಇಷ್ಟವಾದ ಶಾಸನ ಅದುಥುಮ ಎಂಬವನದು. ಅವನು ಶಕ. ಅವನ ಜನ ವಾಯವ್ಯದ ಕಡೆಯಿಂದ ಈ ನಾಡಿಗೆ ಬಂದವರು. ಅವನು 20 ನಿವರ್ತನ (ಆ ಕಾಲದ ಹೊಲದ ಅಳತೆ) ಹೊಲವನ್ನು ಹೊಂಗೆ ಗಿಡ ನೆಡಿಸಲು, ಇನ್ನೊಂದು ಕಡೆ 9 ನಿವರ್ತನ ಹೊಲವನ್ನು ಆಲದ ಗಿಡ ನೆಡಿಸಲು ಬಿಟ್ಟುಕೊಟ್ಟ. ಗಿಡ ನೆಡುವುದಕ್ಕೆ ಎಂದು ಹೊಲವನ್ನೇ ಬಿಟ್ಟುಕೊಟ್ಟಿದ್ದಾನೆ, ನೋಡಿ.

ಯವನರೂ ಇದ್ದಾರೆ, ಅಂದರೆ ಗ್ರೀಕರು ಅಥವಾ ಪಶ್ಚಿಮದ ಕಡೆಯಿಂದ ಬಂದವರು. ಇರಿಲ ಎಂಬವನು ಎರಡು ತೊಟ್ಟಿ ಕೊರೆಸಿದ. ಚಿಟ ಎಂಬವನು ಭಿಕ್ಷುಗಳಿಗೆ ಊಟದ ಮಂಟಪ ಮಾಡಿಸಿದ. ಚಂದ ಎಂಬವನು ಮಾನಮೋಡಿಯ ಒಂದು ಚೈತ್ಯದ, ಅಂದರೆ ಸ್ತೂಪವಿರುವ ಪೂಜೆಯ ಗುಹೆಯ, ಮುಂಭಾಗ ಮಾಡಿಸಿದ. ಲೇಣ್ಯಾದ್ರಿಯ ಚೈತ್ಯವನ್ನು ಕೊಟ್ಟವನು ಕಲ್ಯಾಣದ ಸುಲಸದತ್ತ. ಬಂದರೂರಿನವನ ದುಡ್ಡು ಘಾಟಿ ಹತ್ತಿ ಬಂದು ಇಲ್ಲಿ ಕಲ್ಲಾಗಿ ನಿಂತಿದೆ. ಮಕ್ಕಳಿಗೆ ಪಾಠದಲ್ಲಿ 'ವ್ಯಾಪಾರ ಮಾರ್ಗ' ಅಂತ ನಕ್ಷೆಯ ಮೇಲೆ ಬಾಣದ ಗುರುತು ತೋರಿಸುತ್ತೇವೆ ಅಲ್ವಾ? ಆ ಬಾಣದ ಮೇಲೆ ನಡೆದವರು ಇವರು.

ದಾನಗಳಲ್ಲಿ ತೊಟ್ಟಿಗಳೇ ಇಷ್ಟೊಂದು ಯಾಕೆ ಅಂತ ನಿಮಗೂ ಅನ್ನಿಸಿರಬಹುದು. ಮಳೆಗಾಲದಲ್ಲಿ ಭಿಕ್ಷುಗಳು ಊರೂರು ತಿರುಗುವಂತಿರಲಿಲ್ಲ, ಒಂದೇ ಕಡೆ ಇರಬೇಕಿತ್ತು. ಸಹ್ಯಾದ್ರಿಯ ಮಳೆ ನಿಮಗೆ ಗೊತ್ತೇ ಇದೆ. ಮಳೆ ನಿಂತ ಮೇಲೆ ಅದೇ ಬೆಟ್ಟದಲ್ಲಿ ಹನಿ ನೀರಿಲ್ಲ. ಅದಕ್ಕೆ ಬಂಡೆಯ ಮೇಲೆ ಹರಿಯುವ ನೀರನ್ನು ಸಣ್ಣ ಕಾಲುವೆ ಕೊರೆದು ತೊಟ್ಟಿಗೆ ತಿರುಗಿಸಿದರು. ತೊಟ್ಟಿಯ ಬಾಯಿ ಚಿಕ್ಕದು, ಚೌಕ. ಒಳಗೆ ಬಗ್ಗಿ ನೋಡಿದರೆ ಬಂಡೆಯ ಅಡಿಯಲ್ಲೇ ಕತ್ತಲಲ್ಲಿ ದೂರದವರೆಗೆ ಹೋಗಿರುತ್ತದೆ. ಬಿಸಿಲು ಬೀಳದ ಕಾರಣ ನೀರು ಬೇಗ ಆರುವುದಿಲ್ಲ. ಭಿಕ್ಷುಗಳ ಕೋಣೆಯೊಳಗೆ ಕಲ್ಲಿನದೇ ಮಂಚ, ಗೋಡೆಯಲ್ಲಿ ಸಾಲು ಸಾಲು ಉಳಿಯ ಗುರುತು. ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದರೆ ಒಂದೊಂದು ಏಟೂ ಎದ್ದು ಕಾಣುತ್ತದೆ. ಮಕ್ಕಳು ಅದನ್ನು ಅವಸರವಿಲ್ಲದೆ ನೋಡಲಿ ಎಂದು ಲೇಣ್ಯಾದ್ರಿಗೆ ಇಡೀ ಬೆಳಿಗ್ಗೆ ಇಟ್ಟಿದ್ದೇವೆ.

ಲೇಣ್ಯಾದ್ರಿಯಲ್ಲಿ ಗಣಪತಿ ಗುಡಿಯೂ ಇದೆ, ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದು. ದರ್ಶನ ಮಾಡಿಸುತ್ತೀರಾ ಅಂತ ಕೆಲವರು ಕೇಳಿದಿರಿ. ಖಂಡಿತ. ಆ ಗುಡಿ ಇರುವುದು ಏಳನೇ ಗುಹೆಯಲ್ಲಿ. ಮೊದಲು ಅದು ಭಿಕ್ಷುಗಳ ವಿಹಾರ, ಅಂದರೆ ಅವರು ವಾಸವಿದ್ದ ಜಾಗ. ನಡುವೆ ಒಂದೂ ಕಂಬ ಇಲ್ಲದ ದೊಡ್ಡ ಪಡಸಾಲೆ, ಸುತ್ತ ಪುಟ್ಟ ಕೋಣೆಗಳು. ತುಳಜಾ ಗುಹೆಗಳಲ್ಲೂ ಹಾಗೇ, ಒಂದು ಕೋಣೆಯಲ್ಲಿ ಈಗ ದೇವಿ ಇದ್ದಾಳೆ. ಅಲ್ಲಿನ ದುಂಡಗಿನ ಚೈತ್ಯವನ್ನು ಮಾತ್ರ ತಪ್ಪದೆ ತೋರಿಸುತ್ತೇವೆ. 12 ಕಂಬಗಳು ವೃತ್ತವಾಗಿ ನಿಂತು, ಮೇಲೆ ಗುಮ್ಮಟದಂಥ ಚಾವಣಿ. ಇಂಥದ್ದು ಬೇರೆ ಕಡೆ ಸಿಗುವುದು ಕಷ್ಟ.

ಇನ್ನೊಂದು ಪ್ರಶ್ನೆ, ಇದು ನ್ಯಾಯವಾದದ್ದೇ: ನಮ್ಮ ಕರ್ನಾಟಕದಲ್ಲಿ ಇಂಥ ಜಾಗ ಇಲ್ಲವಾ? ಇದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ತೀರದ ಸನ್ನತಿ, ಪಕ್ಕದ ಕನಗನಹಳ್ಳಿ. ಅಶೋಕನ ಶಾಸನ ಸಿಕ್ಕ ಜಾಗ ಅದು. 'ರಾಯ ಅಸೋಕ' ಎಂದು ಹೆಸರು ಬರೆದ ಶಿಲ್ಪ ಸಿಕ್ಕಿದ್ದೂ ಕನಗನಹಳ್ಳಿಯ ಸ್ತೂಪದಲ್ಲೇ. ಅಲ್ಲಿ ಸಾತವಾಹನ ರಾಜರ ಶಿಲ್ಪಗಳೂ ಹೆಸರಿನ ಸಮೇತ ಇವೆ. ನಾಣೇಘಾಟ್‌ನಲ್ಲಿ ಹೆಸರು, ಪಾದ ಮಾತ್ರ ಉಳಿದವರ ಮನೆತನದವರನ್ನು ಮಕ್ಕಳು ಅಲ್ಲಿ ಮುಖ ಸಮೇತ ನೋಡಬಹುದು. ಇದೇ ಮಕ್ಕಳನ್ನು ಹತ್ತನೇ ತರಗತಿಯಲ್ಲಿ ಸನ್ನತಿಗೆ ಕರೆದೊಯ್ಯಬೇಕು ಅನ್ನುವುದು ನನ್ನ ಆಸೆ.

ಹೋಗುವ ದಾರಿಯಲ್ಲಿ ಲೋಣಾವಳಾ ಹತ್ತಿರದ ಕಾರ್ಲೆಯಲ್ಲಿ ಇಳಿಯುತ್ತೇವೆ. ಇದು ಸ್ವಲ್ಪ ಸುತ್ತು, ಆದರೆ ಬಿಡುವ ಮಾತೇ ಇಲ್ಲ. ಭೋರ್ ಘಾಟಿನ ತಲೆಯ ಮೇಲಿರುವ ಆ ಚೈತ್ಯ ನಮ್ಮ ದೇಶದ ಗುಹಾ ಚೈತ್ಯಗಳಲ್ಲೇ ದೊಡ್ಡದು. ಎರಡು ಸಾವಿರ ವರ್ಷದ ಹಿಂದಿನ ಮರದ ತೊಲೆಗಳು ಚಾವಣಿಯಲ್ಲಿ ಇನ್ನೂ ಇವೆ. ಅದರ ಮುಂಭಾಗದ ಗೋಡೆಯ ಶಾಸನ ಹೇಳುತ್ತದೆ: ವೈಜಯಂತಿಯ ಸೆಟ್ಟಿ ಭೂತಪಾಲ ಮಾಡಿ ಮುಗಿಸಿದ ಈ ಕಲ್ಲುಮನೆ ಜಂಬೂದ್ವೀಪದಲ್ಲೇ ಉತ್ತಮವಾದದ್ದು. ವೈಜಯಂತಿ ಅಂದರೆ ನಮ್ಮ ಬನವಾಸಿ. ವರದಾ ತೀರದ ಒಬ್ಬ ಸೆಟ್ಟಿ ಅಷ್ಟು ದೂರ ಹೋಗಿ, ಅಷ್ಟು ದೊಡ್ಡ ಕೆಲಸ ಮಾಡಿಸಿ, ಹೆಮ್ಮೆಯಿಂದ ಬರೆಸಿದ್ದಾನೆ. ಆ ಸಾಲಿನ ಮುಂದೆ ನಮ್ಮ ಮಕ್ಕಳು ನಿಲ್ಲಬೇಕು. ಸಮಾಜ ವಿಜ್ಞಾನದ ತರಗತಿಯಲ್ಲಿ ಬ್ರಾಹ್ಮಿ ಅಕ್ಷರ ಕಲಿಸುತ್ತಿದ್ದೇವೆ. ದಾನ ಎಂಬ ಅರ್ಥದ 'ದೇಯಧಮ' ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನಾದರೂ ತಾವೇ ಗುರುತಿಸಿ ಓದುವಂತಾಗಲಿ ಎಂದು.

ಇನ್ನು ವ್ಯವಸ್ಥೆಯ ವಿಷಯ. ಡಿಸೆಂಬರ್‌ನಲ್ಲಿ ಹೊರಡುತ್ತೇವೆ. ದಿನಾಂಕ, ಖರ್ಚು ಎಲ್ಲ ಜೊತೆಗಿರುವ ಒಪ್ಪಿಗೆ ಪತ್ರದಲ್ಲಿದೆ. ಇಲಾಖೆಯ ಅನುಮತಿ ಸಿಕ್ಕಿದೆ. ರಾತ್ರಿ ಬಸ್ ಓಡಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಬೇರೆ ಮಹಡಿಯಲ್ಲಿ ವಸತಿ, ಶಿಕ್ಷಕಿಯರು ಅವರ ಜೊತೆಗೇ ಮಲಗುತ್ತಾರೆ. ಹಣ ಒಂದೇ ಸಲ ಕಟ್ಟಲು ಆಗದವರು ಸಂಕೋಚ ಪಡಬೇಡಿ, ನನ್ನ ಹತ್ತಿರ ಬಂದು ಹೇಳಿ. ದುಡ್ಡಿನ ಕಾರಣಕ್ಕೆ ಒಂದು ಮಗುವೂ ಊರಲ್ಲಿ ಉಳಿಯಬಾರದು.

ಲೇಣ್ಯಾದ್ರಿಯಲ್ಲಿ ಮುನ್ನೂರರ ಹತ್ತಿರ ಮೆಟ್ಟಿಲು ಹತ್ತಬೇಕು. ಉಬ್ಬಸ, ಫಿಟ್ಸ್, ಎತ್ತರದ ಭಯ, ಏನೇ ಇದ್ದರೂ ಮುಚ್ಚಿಡದೆ ಬರೆದು ಕೊಡಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ. ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ. ಅದಕ್ಕೆ ಸೆಂಟ್ ಬೇಡ, ಗಲಾಟೆ ಬೇಡ ಅಂತ ಮನೆಯಲ್ಲೇ ಹೇಳಿ ಕಳಿಸಿ. ಕೋತಿಗಳ ಕಾಟವೂ ಇದೆ, ತಿಂಡಿ ಕೈಯಲ್ಲಿ ಹಿಡಿದು ಹತ್ತುವಂತಿಲ್ಲ. ಮೊದಲ ದಿನಕ್ಕೆ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿ. ಒಂದು ನೀರಿನ ಬಾಟಲಿ, ಒಂದು ಟಾರ್ಚ್, ಒಂದು ನೋಟ್‌ಬುಕ್ ಸಾಕು. ಮೊಬೈಲ್ ಬೇಡ, ದಿನಾ ಸಂಜೆ ನಾವೇ ಫೋನ್ ಮಾಡಿಸುತ್ತೇವೆ.

ಒಂದು ವಿನಂತಿ ಮಾತ್ರ ವಿಶೇಷವಾಗಿ. ಗುಹೆಯ ಗೋಡೆಗಳ ಮೇಲೆ ಸುಣ್ಣದಲ್ಲಿ, ಇದ್ದಿಲಲ್ಲಿ, ಮೊಳೆಯಲ್ಲಿ ಹೆಸರು ಬರೆದವರು ಬೇಕಾದಷ್ಟು ಜನ ಇದ್ದಾರೆ. ಅಕ್ಷರದ ಮೇಲೆ ಅಕ್ಷರ ಗೀಚಿದರೆ ಹಳೆಯದು ಮತ್ತೆ ಸಿಗುವುದಿಲ್ಲ. ನಾವು ತರಗತಿಯಲ್ಲಿ ಹೇಳಿದ್ದೇವೆ. ನೀವೂ ಒಮ್ಮೆ ಕೂರಿಸಿಕೊಂಡು ಹೇಳಿ. ಅಪ್ಪ ಅಮ್ಮ ಹೇಳಿದರೆ ಅದರ ತೂಕವೇ ಬೇರೆ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ, ಮಗುವಿನ ರಕ್ತದ ಗುಂಪು ಬರೆದು, ಬರುವ ಶನಿವಾರದೊಳಗೆ ತರಗತಿ ಶಿಕ್ಷಕರ ಕೈಗೆ ತಲುಪಿಸಿ. ಅಂದೇ ಮಧ್ಯಾಹ್ನ ಶಾಲೆಯಲ್ಲಿ ನಕ್ಷೆ, ಫೋಟೋ ಹಾಕಿ ತೋರಿಸುತ್ತೇವೆ. ಬಿಡುವಿದ್ದವರು ಬನ್ನಿ. ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬನ್ನಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ